ತಾರೀಖು ಇಲ್ಲದ ದುಡಿಮೆ: ರಾಜ್ಯದ ಹಣಕಾಸು ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರಿಗೆ ನಮಸ್ಕಾರಗಳು.

ಬಜೆಟ್ ಹತ್ತಿರ ಬಂದಂತೆ ತಮ್ಮ ಕಚೇರಿಯಲ್ಲಿ ಬೇಡಿಕೆ ಪತ್ರಗಳು ರಾಶಿ ಬೀಳುತ್ತವೆ ಎಂದು ಬಲ್ಲೆ. ನಾನು ರಸ್ತೆ ಕೇಳುತ್ತಿಲ್ಲ, ಕಾಲೇಜಿಗೆ ಕಟ್ಟಡ ಕೇಳುತ್ತಿಲ್ಲ. ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುವವಳು ನಾನು. ಅಭಿವೃದ್ಧಿಶೀಲ ದೇಶಗಳು ಒಂದಷ್ಟು ವರ್ಷ ಓಡಿ ಆಮೇಲೆ ಯಾಕೆ ಮುಗ್ಗರಿಸುತ್ತವೆ ಎಂಬ ಅಧ್ಯಾಯವನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ಪ್ರಶ್ನೆಯ ಉತ್ತರದ ದೊಡ್ಡ ಪಾಲು ನಾನು ಹುಟ್ಟಿ ಬೆಳೆದ ಮನೆಯಲ್ಲೇ ಇತ್ತು ಎಂದು ಈಚೆಗೆ ನನಗೆ ಖಚಿತವಾಗಿದೆ. ಅದನ್ನು ತಮಗೂ ಈ ಜಿಲ್ಲೆಯ ಜನರಿಗೂ ಒಟ್ಟಿಗೇ ಹೇಳಬೇಕೆನಿಸಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮದು ಮದ್ದೂರು ತಾಲ್ಲೂಕಿನಲ್ಲಿ ನಾಲೆಯ ಕೊನೇ ಭಾಗದ ಒಂದು ಊರು. ಎರಡು ಎಕರೆ ಗದ್ದೆ. ಅವ್ವನಿಗೆ ತವರಿನಿಂದ ಬಂದ ಒಂದು ಜೊತೆ ಬಿಳಿ ಕಲ್ಲಿನ ಓಲೆ ಇತ್ತು. ಅದು ಅವ್ವನ ಕಿವಿಯಲ್ಲಿ ಇದ್ದ ದಿನಗಳಿಗಿಂತ ಪೇಟೆಯ ಗಿರವಿ ಅಂಗಡಿಯಲ್ಲಿ ಇದ್ದ ದಿನಗಳೇ ಹೆಚ್ಚು. ಓಲೆ ಇಲ್ಲದ ತಿಂಗಳುಗಳಲ್ಲಿ ಕಿವಿಯ ತೂತು ಮುಚ್ಚಿಕೊಳ್ಳಬಾರದೆಂದು ಅವ್ವ ಬೇವಿನ ಕಡ್ಡಿಯನ್ನು ಸಣ್ಣಗೆ ಸೀಳಿ ಸಿಕ್ಕಿಸಿಕೊಳ್ಳುತ್ತಿದ್ದಳು. ಮಕ್ಕಳಾದ ನಾವು ಅವಳ ಕಿವಿ ನೋಡಿಯೇ ಮನೆಯ ಸ್ಥಿತಿ ತಿಳಿದುಕೊಳ್ಳುತ್ತಿದ್ದೆವು. ಕಡ್ಡಿ ಇದ್ದರೆ ಹೊಸ ಬಟ್ಟೆ ಕೇಳಬಾರದು, ಶಾಲೆಯ ಪ್ರವಾಸದ ಮಾತೆತ್ತಬಾರದು.

ಅಪ್ಪ ಮೈಗಳ್ಳನಾಗಿರಲಿಲ್ಲ. ಕಬ್ಬು ಬೆಳೆದು ಕಾರ್ಖಾನೆಯೊಂದಕ್ಕೆ ಹಾಕುತ್ತಿದ್ದ. ನಾನು ಎಂಟನೇ ತರಗತಿಯಲ್ಲಿ, ಅಕ್ಕ ಹತ್ತನೇ ತರಗತಿಯಲ್ಲಿ ಇದ್ದ ವರ್ಷ ಕಬ್ಬು ಚೆನ್ನಾಗಿಯೇ ಬಂತು. ಲಾರಿ ತುಂಬಿ ಹೋಯಿತು, ತೂಕದ ಚೀಟಿ ಬಂತು, ದುಡ್ಡು ಬರಲಿಲ್ಲ. ಅಪ್ಪ ಆ ಚೀಟಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟಿದ್ದ. ವಾರಕ್ಕೊಮ್ಮೆ ಇಳಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿ, ಮತ್ತೆ ಅಲ್ಲೇ ಇಡುತ್ತಿದ್ದ. ಹನ್ನೊಂದು ತಿಂಗಳ ಮೇಲೆ ಹಣ ಕಂತು ಕಂತಾಗಿ ಕೈಸೇರುವ ಹೊತ್ತಿಗೆ ಕೈಸಾಲದ ಬಡ್ಡಿ ಅದರಲ್ಲಿ ದೊಡ್ಡ ಪಾಲನ್ನು ನುಂಗಿತ್ತು. ಅಷ್ಟರಲ್ಲಿ ಅಕ್ಕ ಕಾಲೇಜು ಸೇರಬೇಕಾಗಿದ್ದ ವರ್ಷ ದಾಟಿಹೋಗಿತ್ತು. ಮರುವರ್ಷ ಅವಳ ಮದುವೆಯಾಯಿತು. ಲೆಕ್ಕದಲ್ಲಿ ನನಗಿಂತ ಬಹಳ ಚುರುಕಾಗಿದ್ದವಳು ಅವಳು.

ಒಂದು ವಿಷಯವನ್ನು ತಾವು ಗಮನಿಸಬೇಕು. ಆ ವರ್ಷ ನಮ್ಮ ಮನೆಯ ಉತ್ಪಾದನೆ ಕಡಿಮೆಯಾಗಿರಲಿಲ್ಲ. ಜಿಲ್ಲೆಯ ಉತ್ಪನ್ನದ ಅಂಕಿಯಲ್ಲಿ ನಮ್ಮ ಕಬ್ಬು ಸೇರಿತ್ತು, ಅದರಿಂದ ಆದ ಸಕ್ಕರೆಯೂ ಸೇರಿತ್ತು. ಬೆಳವಣಿಗೆಯ ದರ ಲೆಕ್ಕ ಹಾಕಿದವರಿಗೆ ಅದು ಒಳ್ಳೆಯ ವರ್ಷ. ಅಕ್ಕನ ಓದು ನಿಂತದ್ದು ಯಾವ ಅಂಕಿಯಲ್ಲೂ ಇಲ್ಲ.

1966ರ ಕಬ್ಬು ನಿಯಂತ್ರಣ ಆದೇಶ ಈಗಲೂ ಜಾರಿಯಲ್ಲಿದೆ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು ಅದು ಹೇಳುತ್ತದೆ. ನಾನು ಹುಟ್ಟುವ ಮೊದಲೇ ಬರೆದಿಟ್ಟ ಕಾನೂನು. ನಮ್ಮೂರಿನಲ್ಲಿ ಬಡ್ಡಿ ಕೊಟ್ಟವರನ್ನು ಬಲ್ಲೆ, ಬಡ್ಡಿ ಪಡೆದವರು ಯಾರನ್ನೂ ನಾನು ಕಂಡಿಲ್ಲ.

ಇಂದು ನನಗೆ ತಿಂಗಳಿಗೊಮ್ಮೆ ಗೊತ್ತಾದ ದಿನ ಸಂಬಳ ಬರುತ್ತದೆ. ನನ್ನ ತಮ್ಮ ಊರಿನಲ್ಲಿ ಬೇಸಾಯ ನೋಡಿಕೊಳ್ಳುತ್ತಾನೆ. ವರ್ಷದ ದುಡಿಮೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮಿಬ್ಬರ ನಡುವೆ ಅಂತರ ಇದ್ದೇ ಇದೆ. ಆದರೆ ಅಂತರಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನನ್ನ ಸಂಬಳದ ಚೀಟಿ ನೋಡಿದ ಬ್ಯಾಂಕು ಕೂರಿಸಿ ಕಾಫಿ ಕೊಟ್ಟು ಇಪ್ಪತ್ತು ವರ್ಷಗಳ ಗೃಹಸಾಲ ಮಂಜೂರು ಮಾಡಿತು. ನನ್ನ ತಮ್ಮ ಹನಿ ನೀರಾವರಿ ಹಾಕಿಸಲು ಹಣ ಕೇಳಿದಾಗ ಚಿನ್ನ ಇಡುವಂತೆ ಹೇಳಿತು. ಒಂದೇ ತಾಯಿಯ ಮಕ್ಕಳು, ಒಂದೇ ತಟ್ಟೆಯಲ್ಲಿ ಉಂಡವರು. ನನ್ನ ದುಡಿಮೆಗೆ ತಾರೀಖು ಇದೆ, ಅವನ ದುಡಿಮೆಗೆ ಇಲ್ಲ. ಅದೊಂದೇ ಕಾರಣಕ್ಕೆ ನನ್ನ ಸಾಲ ಅಗ್ಗ, ಅವನ ಸಾಲ ದುಬಾರಿ. ನಾನು ಮಗಳನ್ನು ಮುಂದೆ ಏನು ಓದಿಸಬೇಕೆಂದು ಯೋಚಿಸುತ್ತೇನೆ, ಅವನು ಮುಂದಿನ ಕಂತು ಹೇಗೆ ಕಟ್ಟಬೇಕೆಂದು ಯೋಚಿಸುತ್ತಾನೆ. ಅಸ್ಥಿರತೆ ಮತ್ತು ಅಸಮಾನತೆ ಎಂದು ಪುಸ್ತಕಗಳಲ್ಲಿ ಎರಡು ಅಧ್ಯಾಯ ಮಾಡಿರುತ್ತಾರೆ. ನಮ್ಮ ಮನೆಯಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನನಗೆ ಈವರೆಗೂ ಆಗಿಲ್ಲ.

ಅವ್ವನ ಓಲೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಊರಿಗೆ ಹಾಲಿನ ಡೇರಿ ಬಂದ ಮೇಲೆ ಅವ್ವ ಒಂದು ಹಸು ಕಟ್ಟಿದಳು, ಆಮೇಲೆ ಎರಡಾಯಿತು. ಬೆಳಗ್ಗೆ ಸಂಜೆ ಹಾಲು ಅಳೆಯುವುದು, ಪುಸ್ತಕದಲ್ಲಿ ಬರೆಸುವುದು, ಹದಿನೈದು ದಿನಕ್ಕೊಮ್ಮೆ ಬಟವಾಡೆ. ಕಬ್ಬಿನ ಲಾರಿಯ ದುಡ್ಡಿನ ಮುಂದೆ ಆ ಮೊತ್ತ ಬಹಳ ಸಣ್ಣದು. ಹಾಗಿದ್ದೂ ಬಟವಾಡೆಯ ದಿನ ಎಂದರೆ ಬಟವಾಡೆಯ ದಿನ. ಅಂಗಡಿಯವನು ಅದೇ ನಂಬಿಕೆಯ ಮೇಲೆ ಸಾಮಾನು ಕೊಟ್ಟ, ನನ್ನ ಕಾಲೇಜಿನ ಶುಲ್ಕವನ್ನು ಅವ್ವ ಅದೇ ಲೆಕ್ಕದಲ್ಲಿ ಹೊಂದಿಸಿದಳು. ಓಲೆ ಗಿರವಿ ಅಂಗಡಿಯಿಂದ ಬಂದದ್ದು ಮತ್ತೆ ಹೋಗಲಿಲ್ಲ. ಈಗ ಅವ್ವನಿಗೆ ಎಪ್ಪತ್ತೆಂಟು. ಆ ಓಲೆ ಅವಳ ಕಿವಿಯಲ್ಲೇ ಇದೆ. ನಾನು ಅರ್ಥಶಾಸ್ತ್ರ ಓದಲು ಸಾಧ್ಯವಾದದ್ದು ಕಬ್ಬಿನಿಂದಲ್ಲ, ಹಾಲಿನಿಂದ. ಡೇರಿಗೆ ಹಾಲು ಹಾಕಲು ಗದ್ದೆ ಇರಬೇಕಾಗಿಲ್ಲ, ಹಸುವೊಂದಿದ್ದರೆ ಸಾಕು. ನಮ್ಮೂರಿನ ಭೂಮಿಯಿಲ್ಲದ ಮನೆಗಳ ಹೆಣ್ಣುಮಕ್ಕಳೂ ಅದೇ ಸಾಲಿನಲ್ಲಿ ನಿಂತು, ಅದೇ ದಿನ, ಅದೇ ದರದಲ್ಲಿ ಬಟವಾಡೆ ತೆಗೆದುಕೊಂಡರು. ಮಂಡ್ಯದ ಹಳ್ಳಿಗಳಲ್ಲಿ ಹೈನುಗಾರಿಕೆ ಇಷ್ಟು ಆಳಕ್ಕೆ ಬೇರು ಬಿಟ್ಟಿದ್ದಕ್ಕೆ ಹಾಲಿನ ದರಕ್ಕಿಂತ ಈ ಬಟವಾಡೆಯ ನಿಯಮವೇ ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ.

ಮಂಡ್ಯ ಜಿಲ್ಲೆ ಹುಟ್ಟಿದ್ದೂ ಇಂಥದೇ ಒಂದು ಭರವಸೆಯ ಮೇಲೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು. ಆವರೆಗೆ ಈ ಭಾಗದ ಹೆಚ್ಚಿನ ನೆಲ ಮಳೆ ನೋಡಿ ರಾಗಿ ಬಿತ್ತುವ ಹೊಲ. ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತಿದ್ದರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ನೀರು ಬರುತ್ತದೆ ಎಂದು ಗೊತ್ತು, ಬೆಳೆದದ್ದನ್ನು ಕೊಳ್ಳುವವರು ಇದ್ದಾರೆ ಎಂದು ಗೊತ್ತು. ಸಣ್ಣ ಹಿಡುವಳಿದಾರರು ಆ ಎರಡು ನಂಬಿಕೆಗಳ ಮೇಲೆ ಗದ್ದೆ ಮಟ್ಟ ಮಾಡಿದರು, ಮನೆಗೆ ಹೆಂಚು ಹೊದಿಸಿದರು, ಮಕ್ಕಳನ್ನು ಮೈಸೂರಿಗೆ ಓದಲು ಕಳುಹಿಸಿದರು. ಮಂಡ್ಯವನ್ನು ಸಕ್ಕರೆ ನಾಡು ಎಂದು ಕರೆಯುವಾಗ ನಾವು ಸಕ್ಕರೆಯನ್ನಷ್ಟೇ ನೆನೆಯುತ್ತೇವೆ. ಸಕ್ಕರೆಗಿಂತ ಮೊದಲು ಬಂದ ಆ ನಂಬಿಕೆ ನಂತರದ ದಶಕಗಳಲ್ಲಿ ಸವೆಯುತ್ತಾ ಬಂತು. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡ ದಿನಗಳು ತಮಗೂ ನೆನಪಿರುತ್ತವೆ. ಆ ವರ್ಷವೂ ರಾಜ್ಯದ ಆರ್ಥಿಕತೆ ಬೆಳೆಯುತ್ತಲೇ ಇತ್ತು.

ತರಗತಿಯಲ್ಲಿ ಇದನ್ನು ವಿವರಿಸುವಾಗ ನಾನು ಮೊದಲು ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅವರಿಂದ ಆರಂಭಿಸುತ್ತೇನೆ. ದೇಶ ಬೆಳೆಯುವಾಗ ಮೊದಮೊದಲು ಅಸಮಾನತೆ ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದು 1955ರಲ್ಲಿ ಅವರು ಹೇಳಿದರು. ಅದನ್ನೇ ಹಿಡಿದು ಎಷ್ಟೋ ಸರ್ಕಾರಗಳು 'ಮೊದಲು ಬೆಳೆಯೋಣ, ಹಂಚುವುದು ಆಮೇಲೆ' ಎಂದವು. ಕುಜ್ನೆಟ್ಸ್ ತಮ್ಮ ಪ್ರಬಂಧದ ಬಗ್ಗೆ ತಾವೇ ಬರೆದುಕೊಂಡಿದ್ದರು: ಇದರಲ್ಲಿ ಶೇ 5ರಷ್ಟು ಮಾತ್ರ ಅಂಕಿಅಂಶ, ಉಳಿದ ಶೇ 95 ಊಹೆ ಎಂದು. ಆ ಎಚ್ಚರಿಕೆಯನ್ನು ಓದಿದವರು ಕಡಿಮೆ.

ಮುಂದೆ ಬಂದವರು ಅಂಕಿಅಂಶ ಕೂಡಿಸಿದರು. 1995ರಲ್ಲಿ ಗ್ಯಾರಿ ರೇಮಿ ಮತ್ತು ವ್ಯಾಲರಿ ರೇಮಿ 92 ದೇಶಗಳನ್ನು ನೋಡಿ, ಆರ್ಥಿಕತೆಯಲ್ಲಿ ಏರಿಳಿತ ಹೆಚ್ಚಿರುವ ದೇಶಗಳ ಸರಾಸರಿ ಬೆಳವಣಿಗೆಯೇ ಕಡಿಮೆ ಎಂದು ತೋರಿಸಿದರು. 1996ರಲ್ಲಿ ಆಲ್ಬರ್ಟೊ ಅಲೆಸಿನಾ ಮತ್ತು ರೊಬರ್ಟೊ ಪೆರೊಟಿ 1960ರಿಂದ 85ರವರೆಗಿನ 71 ದೇಶಗಳ ಲೆಕ್ಕ ತೆಗೆದರು. ಆದಾಯದ ಅಂತರ ಹೆಚ್ಚಿದ್ದಲ್ಲಿ ರಾಜಕೀಯ ಮತ್ತು ಸಾಮಾಜಿಕ ಅಶಾಂತಿ ಹೆಚ್ಚು, ಅಶಾಂತಿ ಹೆಚ್ಚಿದ್ದಲ್ಲಿ ಬಂಡವಾಳ ಹೂಡಿಕೆ ಕಡಿಮೆ ಎಂಬುದು ಅವರು ಕಂಡ ಸರಪಳಿ. 2014ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಂಶೋಧಕರೇ ಅಂತರ ಕಡಿಮೆ ಇರುವ ದೇಶಗಳು ವೇಗವಾಗಿ ಬೆಳೆಯುತ್ತವೆ, ಆ ಬೆಳವಣಿಗೆ ಹೆಚ್ಚು ಕಾಲ ಬಾಳುತ್ತದೆ ಎಂದು ಬರೆದರು. ತೆರಿಗೆ ಮತ್ತು ನೆರವಿನ ಮೂಲಕ ಹಂಚುವುದರಿಂದ, ಅದು ಅತಿರೇಕಕ್ಕೆ ಹೋಗದಿದ್ದರೆ, ಬೆಳವಣಿಗೆಗೆ ಧಕ್ಕೆ ಕಾಣಲಿಲ್ಲ ಎಂದೂ ಸೇರಿಸಿದರು. ರೈತ ಸಂಘದ ಕರಪತ್ರದಲ್ಲಿ ಅಲ್ಲ, ಸಾಲ ಕೊಡುವಾಗ ಬಿಗಿ ಷರತ್ತು ಹಾಕುವ ಸಂಸ್ಥೆಯ ಪ್ರಬಂಧದಲ್ಲಿ ಈ ಮಾತು ಬಂದಿದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಚೀನಾದಲ್ಲಿ ಅಂತರ ಹೆಚ್ಚುತ್ತಲೇ ದೇಶವೂ ಬೆಳೆಯಲಿಲ್ಲವೇ? ಹೌದು. ಆದರೆ 1978ರ ನಂತರ ಚೀನಾ ಓಟ ಆರಂಭಿಸಿದಾಗ ಹಳ್ಳಿಯ ಕುಟುಂಬಗಳಿಗೆ ಸಾಗುವಳಿ ಭೂಮಿ ಬಹುತೇಕ ಸಮನಾಗಿ ಹಂಚಿಕೆಯಾಗಿತ್ತು, ಅಕ್ಷರ ಮತ್ತು ಆರೋಗ್ಯ ಆ ಹೊತ್ತಿಗಾಗಲೇ ಹಳ್ಳಿ ತಲುಪಿದ್ದವು. ದಕ್ಷಿಣ ಕೊರಿಯಾ ಮತ್ತು ತೈವಾನ್ 1950ರ ದಶಕದಲ್ಲಿ ಭೂಸುಧಾರಣೆ ಮಾಡಿ, ಗೇಣಿದಾರರನ್ನು ಒಡೆಯರನ್ನಾಗಿಸಿ, ಆಮೇಲೆ ಕಾರ್ಖಾನೆಗಳ ಕಡೆ ತಿರುಗಿದವು. ಆಫ್ರಿಕಾದ ಬೋಟ್ಸ್ವಾನ ಇನ್ನೊಂದು ಬಗೆಯ ಉದಾಹರಣೆ. 1966ರಲ್ಲಿ ಸ್ವತಂತ್ರವಾದಾಗ ಕಡುಬಡ ದೇಶ. ವಜ್ರ ಸಿಕ್ಕಿತು, ಆಡಳಿತ ಸ್ಥಿರವಾಗಿತ್ತು, ದಶಕಗಟ್ಟಲೆ ಬೆಳೆಯಿತು, ಅಂತರ ಮಾತ್ರ ಬಹಳ ದೊಡ್ಡದಾಗಿಯೇ ಉಳಿಯಿತು. ಸ್ಥಿರತೆಯೊಂದೇ ಬಹಳ ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ವಜ್ರದ ಮಾರುಕಟ್ಟೆ ಕುಸಿದಾಗ ಆ ಅಂತರ ಬಡ್ಡಿ ಸಮೇತ ಎದುರಿಗೆ ಬಂದು ನಿಂತಿತು. 58 ವರ್ಷ ಆಳಿದ ಪಕ್ಷವನ್ನು ಜನ 2024ರಲ್ಲಿ ಮತದಿಂದಲೇ ಇಳಿಸಿದರು. ಹಾಗಾಗಿ ಅಂತರವಿದ್ದರೆ ಬೆಳವಣಿಗೆಯೇ ಇಲ್ಲ ಎಂದು ನಾನು ತಮ್ಮ ಮುಂದೆ ವಾದಿಸುವುದಿಲ್ಲ. ಪೆಟ್ಟು ಬಿದ್ದ ದಿನ ಅಂತರದ ಬೆಲೆ ಗೊತ್ತಾಗುತ್ತದೆ ಎಂಬುದು ನನ್ನ ಮಾತು.

ನೆರೆಹೊರೆಯನ್ನೇ ನೋಡಿ. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಏಕಾಏಕಿ ನಿಷೇಧಿಸಿದರು, ಕೆಲವೇ ತಿಂಗಳಲ್ಲಿ ಹಿಂದೆ ತೆಗೆದುಕೊಂಡರು. ಅಷ್ಟರಲ್ಲಿ ಒಂದು ಬೆಳೆ ಕೈತಪ್ಪಿತ್ತು. ತೆರಿಗೆ ಕಡಿತ, ವಿದೇಶಿ ಸಾಲ, ಕೋವಿಡ್ ಎಲ್ಲವೂ ಸೇರಿ 2022ರ ಏಪ್ರಿಲ್‌ನಲ್ಲಿ ದೇಶ ಸಾಲ ತೀರಿಸಲಾಗದೆ ಕೈಚೆಲ್ಲಿತು; ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟರು; ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70ರ ಸಮೀಪ. ಆ ವರ್ಷ ಅಲ್ಲಿನ ಆರ್ಥಿಕತೆ ಶೇ 7ಕ್ಕಿಂತ ಹೆಚ್ಚು ಕುಗ್ಗಿತು. 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಸರ್ಕಾರ ಉರುಳಿತು, 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ್ದು. ಎರಡೂ ಕಡೆ ಬೀದಿಗೆ ಬಂದವರು ಓದಿದ, ಕೆಲಸ ಸಿಗದ ಹುಡುಗರು ಹುಡುಗಿಯರು. ಬಾಂಗ್ಲಾದೇಶ ಅದಕ್ಕೆ ಮುಂಚೆ ವರ್ಷಗಟ್ಟಲೆ ಬೆಳವಣಿಗೆಯ ಮಾದರಿ ಎಂದು ಹೊಗಳಿಸಿಕೊಂಡ ದೇಶ. ನನ್ನ ತರಗತಿಯಲ್ಲಿ ಕೂರುವವರೂ ಅದೇ ವಯಸ್ಸಿನವರು. ಪದವಿ ಮುಗಿದ ಮೇಲೆ ಏನು ಎಂದು ಅವರು ಕೇಳುವಾಗ ನನ್ನ ಬಳಿ ಇರುವ ಉತ್ತರ ಸಣ್ಣದು.

ನಮ್ಮ ರಾಜ್ಯ ಆ ಸ್ಥಿತಿಯಲ್ಲಿದೆ ಎಂದು ನಾನು ಹೆದರಿಸುತ್ತಿಲ್ಲ. ಕರ್ನಾಟಕದ ಸಂಸ್ಥೆಗಳು ಗಟ್ಟಿಯಾಗಿವೆ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕಟ್ಟಿದ ನಾಡು ಇದು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ 1918ರಲ್ಲೇ ಮಿಲ್ಲರ್ ಸಮಿತಿ ಕೂರಿಸಿದ ನಾಡು. 1974ರಲ್ಲಿ ಹುಣಸೂರಿನ ದೇವರಾಜ ಅರಸು ಅವರು ಗೇಣಿ ಪದ್ಧತಿಗೆ ಕೊನೆ ಹಾಡಿದರು. ಅಂತರ ತಗ್ಗಿಸುವುದು ಮತ್ತು ಬೆಳೆಯುವುದು ಎರಡೂ ಒಟ್ಟಿಗೆ ಸಾಗಬಲ್ಲವು ಎಂದು ನಮ್ಮ ಹಿರಿಯರು ಮಾಡಿ ತೋರಿಸಿದ್ದಾರೆ. ಆದರೆ ಈಗಿನ ಚಿತ್ರ ಹೀಗಿದೆ: ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಇಷ್ಟು ವರ್ಷಗಳ ಮೇಲೂ ಅದೇ ವಿಷಯಕ್ಕೆ ಮತ್ತೊಂದು ಸಮಿತಿ ಬೇಕಾಯಿತು. ಇಡೀ ದೇಶದ ಲೆಕ್ಕವಾದರೆ, ಜಾಗತಿಕ ಅಸಮಾನತೆಯ 2022ರ ವರದಿಯ ಪ್ರಕಾರ ಮೇಲಿನ ಶೇ 10 ಮಂದಿಗೆ ಆದಾಯದ ಶೇ 57 ಹೋಗುತ್ತದೆ, ಕೆಳಗಿನ ಅರ್ಧ ಭಾರತಕ್ಕೆ ಶೇ 13.

ಕೆಳಗಿನ ಅರ್ಧದ ಬದುಕಿನಲ್ಲಿ ಅಶಾಂತಿ ಹೇಗೆ ಹುಟ್ಟುತ್ತದೆ ಎಂಬುದನ್ನು ತಾವು ವರದಿಗಳಲ್ಲಿ ಓದಿರುತ್ತೀರಿ. ನಾನು ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ಭವಿಷ್ಯ ನಿಧಿಯ ಪೂರ್ತಿ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಲಾಗದು ಎಂಬ ಹೊಸ ನಿಯಮ ಬಂದಿತ್ತು. ಟಿ.ವಿ.ಯಲ್ಲಿ ನೋಡಿದ ಹಲವರಿಗೆ, ಮುದಿಪ್ರಾಯಕ್ಕೆ ಇರಲಿ ಎಂದು ಉಳಿಸಿದ ಹಣಕ್ಕೆ ಇಷ್ಟು ಗಲಾಟೆ ಯಾಕೆ ಎನಿಸಿತು. ನನಗೆ ಅವ್ವನ ಓಲೆ ನೆನಪಾಯಿತು. ಆ ಹೆಣ್ಣುಮಕ್ಕಳಲ್ಲಿ ನಮ್ಮ ಜಿಲ್ಲೆಯಿಂದ ಹೋದವರೂ ಇದ್ದರು. ಕಾರ್ಖಾನೆ ಮುಚ್ಚಿದಾಗ, ಮನೆಯಲ್ಲಿ ಕಾಯಿಲೆ ಬಂದಾಗ, ಮಗನ ಫೀಸು ಕಟ್ಟುವಾಗ ಅವರ ಕೈಗೆ ಸಿಗುವ ಗಂಟು ಅದೊಂದೇ. ಅದಕ್ಕೂ ಬೀಗ ಬಿದ್ದಿತು ಎಂದಾಗ ರಸ್ತೆಗೆ ಬಂದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು.

ಸಂಘದ ಸಾಲದ ವಿಷಯವೂ ಹಾಗೇ. ಕಿರುಸಾಲ ಕಂಪನಿಗಳ ವಸೂಲಿಗೆ ಹೆದರಿ ಮೈಸೂರು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ 2025ರ ಜನವರಿಯಲ್ಲಿ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ ಆಯಿತು. ಆದರೆ ಆ ಸಾಲದ ಮೂಲ ನೋಡಿ: ಕಂತಿಗೆ ವಾರ ಗೊತ್ತು, ದಿನ ಗೊತ್ತು, ಕೂಲಿ ಸಿಗುವ ದಿನ ಮಾತ್ರ ಗೊತ್ತಿಲ್ಲ. ಒಂದು ಕಂತಿಗೆ ಇನ್ನೊಂದು ಸಂಘದಿಂದ ಸಾಲ ಎತ್ತುತ್ತಾರೆ. ನಮ್ಮೂರಿನಲ್ಲಿ ಐದು ಸಂಘದ ಪುಸ್ತಕಗಳನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ತಿರುಗುವ ಹೆಣ್ಣುಮಗಳಿದ್ದಾಳೆ. ಯಾವ ಕಂತು ಯಾವ ವಾರ ಎಂದು ಒಂದೂ ತಪ್ಪದೆ ಹೇಳುತ್ತಾಳೆ. ಅಂಥ ಲೆಕ್ಕದ ತಲೆ ಬರೀ ಕಂತು ತಪ್ಪಿಸಿಕೊಳ್ಳುವುದರಲ್ಲೇ ಸವೆದು ಹೋಗುತ್ತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನೀರಿನ ಮಾತು ಬಾರದೆ ಮಂಡ್ಯದ ಪತ್ರ ಪೂರ್ತಿಯಾಗುವುದಿಲ್ಲ. 2002, 2016, 2023. ಮಳೆ ಕೈಕೊಟ್ಟ ವರ್ಷಗಳಲ್ಲೇ ಕಾವೇರಿಯ ವಿಷಯಕ್ಕೆ ಬೆಂಕಿ ಹತ್ತುತ್ತದೆ. 2023ರಲ್ಲಿ ಕಟ್ಟೆ ತುಂಬಲಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ; ಇಂದು ಎಷ್ಟು ಅಡಿ ನೀರಿದೆ ಎಂದು ನಮ್ಮ ಜಿಲ್ಲೆಯಲ್ಲಿ ಶಾಲೆಯ ಮಕ್ಕಳೂ ಹೇಳುತ್ತಾರೆ. ಪ್ರತಿಭಟನೆಯಲ್ಲಿ ನಾನೂ ಕುಳಿತಿದ್ದೇನೆ, ಅದು ನಮ್ಮ ಹಕ್ಕು. ಹಾಗಿದ್ದೂ ಹೆದ್ದಾರಿ ಬಂದ್ ಆದ ದಿನ ನನಗೆ ಸಂಬಳ ಕಡಿತವಾಗಲಿಲ್ಲ, ಬಸ್ ನಿಲ್ದಾಣದ ಬಳಿ ಸೀಬೆಹಣ್ಣು ಮಾರುವವಳು ಆ ದಿನದ ಬುಟ್ಟಿಯನ್ನು ಸಂಜೆ ಚರಂಡಿಗೆ ಸುರಿದದ್ದನ್ನು ನಾನೇ ಕಂಡೆ. ಬರದಲ್ಲಿ ನಾಲೆಯ ಮೇಲ್ಭಾಗದವರಿಗೆ ಹೇಗೋ ನೀರು ಸಿಗುತ್ತದೆ, ಕೊನೇ ಭಾಗದ ತೂಬಿಗೆ, ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯ ಕೊನೆಯ ದಿನವೂ ನೀರು ತಲುಪುವುದಿಲ್ಲ. ಕಬ್ಬು ಕಡಿಯಲು ಕಾರ್ಖಾನೆಯ ಅನುಮತಿ ಸಿಗುವುದೂ ಅದೇ ಕ್ರಮದಲ್ಲಿ: ದೊಡ್ಡ ಹಿಡುವಳಿದಾರನ ಗದ್ದೆಗೆ ಆಳುಗಳು ಮೊದಲು ಬರುತ್ತಾರೆ, ಸಣ್ಣವನ ಕಬ್ಬು ಸೂಲಂಗಿ (ಹೂ) ಬಿಟ್ಟು, ಒಣಗಿ, ತೂಕ ಇಳಿದ ಮೇಲೆ ಸರದಿ ಬರುತ್ತದೆ. ಬರ ಒಂದೇ, ಬೀಳುವ ಪೆಟ್ಟು ಒಂದೇ ಅಲ್ಲ.

2025ರ ಫೆಬ್ರುವರಿಯಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂದಿತೆಂದು ಸರ್ಕಾರ ಹೇಳಿತು. ಅದು ಬರಲಿ, ಅದರಿಂದ ನನ್ನ ವಿದ್ಯಾರ್ಥಿಗಳಿಗೆ ಕೆಲಸ ಸಿಗಲಿ. ಆ ಹೂಡಿಕೆದಾರರು ಸರ್ಕಾರದಿಂದ ಕೇಳುವುದು ಮುಖ್ಯವಾಗಿ ನಿಶ್ಚಿತತೆಯನ್ನೇ: ನೀತಿ ಬದಲಾಗಬಾರದು, ಅನುಮತಿ ಇಷ್ಟು ದಿನದಲ್ಲಿ ಸಿಗಬೇಕು, ವಿದ್ಯುತ್ ನಿಲ್ಲಬಾರದು. ತಾವು ಅದನ್ನು ಏಕಗವಾಕ್ಷಿಯಲ್ಲಿ ಬರೆದುಕೊಡುತ್ತೀರಿ. ನನ್ನ ತಮ್ಮನೂ ಹೂಡಿಕೆದಾರನೇ. ಹನ್ನೆರಡು ತಿಂಗಳ ಬೆಳೆಗೆ ಗೊಬ್ಬರ, ಆಳು, ನೀರು, ಬಡ್ಡಿ ಎಲ್ಲವನ್ನೂ ಮುಂಗಡವಾಗಿ ಸುರಿಯುತ್ತಾನೆ. ಊರೂರಿನಲ್ಲಿ ಇಂಥವರು ಲಕ್ಷಾಂತರ ಮಂದಿ ಇದ್ದಾರೆ. 2023–24ರ ಲೆಕ್ಕದಲ್ಲಿ ದೇಶದ ದುಡಿಯುವವರಲ್ಲಿ ಸುಮಾರು ಶೇ 46 ಮಂದಿ ಕೃಷಿಯಲ್ಲೇ ಇದ್ದರು. ಅವರು ಹೂಡಲು ಹಿಂಜರಿದರೆ ಯಾವ ಸಮಾವೇಶವೂ ಆ ಕೊರತೆ ತುಂಬಲಾರದು. ಅವರಿಗೆ ಬರೆದುಕೊಟ್ಟಿರುವ ನಿಶ್ಚಿತತೆ ಏನಾದರೂ ಇದ್ದರೆ ಅದು ಆ 14 ದಿನಗಳ ನಿಯಮ.

ಆದ್ದರಿಂದ ನನ್ನ ಮೊದಲ ಮತ್ತು ದೊಡ್ಡ ಕೋರಿಕೆ ಇದು. ಕಬ್ಬಿನ ಹಣಕ್ಕಾಗಿ ಒಂದು ಆವರ್ತ ನಿಧಿ, ಅಂದರೆ ಕೊಟ್ಟ ಹಣ ವಸೂಲಾಗಿ ಮತ್ತೆ ಬಂದು ಸೇರುವ ನಿಧಿ, ಮಾಡಿ. ತೂಕದ ಚೀಟಿಯ ಮೇಲಿನ ತಾರೀಖಿನಿಂದ ಹದಿನೈದನೆಯ ದಿನ ಕಾರ್ಖಾನೆ ಹಣ ಹಾಕದಿದ್ದರೆ ಆ ನಿಧಿಯಿಂದ ರೈತರ ಖಾತೆಗೆ ಹೋಗಲಿ, ಶೇ 15ರ ಬಡ್ಡಿ ಸಮೇತ ಕಾರ್ಖಾನೆಯಿಂದ ವಸೂಲು ಮಾಡುವ ಕೆಲಸ ಸರ್ಕಾರದ್ದಾಗಲಿ. ಎರಡು ಎಕರೆಯವನು ಕಾರ್ಖಾನೆಯ ಮೇಲೆ ದಾವೆ ಹೂಡಲಾರ, ಸರ್ಕಾರ ಹೂಡಬಲ್ಲದು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕುಳಿತಾಗ ದರದ ಬಗ್ಗೆ ಬಹಳ ಚರ್ಚೆಯಾಯಿತು, ಆಗಬೇಕಾದದ್ದೇ. ಕೇಂದ್ರ ನಿಗದಿ ಮಾಡಿದ ದರದಲ್ಲಿ ಕಟಾವು ಮತ್ತು ಸಾಗಣೆ ಖರ್ಚು ಕಳೆದು ಕೈಗೆ ಬರುವುದು ಎಷ್ಟು ಎಂಬುದು ನಮ್ಮ ಕಡೆಯೂ ನೋವಿನ ವಿಷಯ. ಆ ಚರ್ಚೆಯಲ್ಲಿ ದರದ ಪಕ್ಕದಲ್ಲಿ ದಿನಾಂಕವನ್ನೂ ಕೂರಿಸಿ ಎಂದು ಕೇಳುತ್ತಿದ್ದೇನೆ.

ಗೃಹಲಕ್ಷ್ಮಿ ಯೋಜನೆಯನ್ನು 2023ರ ಆಗಸ್ಟ್ 30ರಂದು ನಮ್ಮ ಪಕ್ಕದ ಮೈಸೂರಿನಲ್ಲೇ ಉದ್ಘಾಟಿಸಲಾಯಿತು. ತಿಂಗಳಿಗೆ ಎರಡು ಸಾವಿರ. ಅದನ್ನು ದಂಡದ ಖರ್ಚು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಬಂದು ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕೂರುವ ಹೆಣ್ಣುಮಕ್ಕಳನ್ನು ದಿನವೂ ನೋಡುತ್ತೇನೆ. ಆದರೆ ಎರಡು ಸಾವಿರ ಯಾವ ದಿನ ಬರುತ್ತದೆ ಎಂದು ಗೊತ್ತಿದ್ದರೆ ಅದರ ಬೆಲೆ ದುಪ್ಪಟ್ಟು. ಮೂರು ತಿಂಗಳದ್ದು ಒಟ್ಟಿಗೆ ಬಂದ ಆರು ಸಾವಿರ ಹಳೆಯ ಬಾಕಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ತಪ್ಪದೆ ಬರುವ ಎರಡು ಸಾವಿರದ ಮೇಲೆ ಒಬ್ಬ ತಾಯಿ ಮಗಳನ್ನು ಹಾಸ್ಟೆಲ್ಲಿಗೆ ಸೇರಿಸುವ ಧೈರ್ಯ ಮಾಡುತ್ತಾಳೆ. ಸರ್ಕಾರಿ ನೌಕರರ ಸಂಬಳಕ್ಕೆ ಇರುವ ಶಿಸ್ತನ್ನೇ ಅದಕ್ಕೂ ಕೊಡಿ. ಡೇರಿಯ ಬಟವಾಡೆಯ ಹಾಗೆ ದಿನ ಗೊತ್ತುಮಾಡಿ.

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವ ಮತ್ತು ನಿಲ್ಲಿಸುವ ದಿನಗಳನ್ನು ಭತ್ತದ ಒಟ್ಟಲು (ಸಸಿಮಡಿ) ಹಾಕುವ ಮೊದಲೇ ಪ್ರಕಟಿಸಿ. ನೀರು ಕಡಿಮೆ ಇರುವ ವರ್ಷ 'ಈ ಬಾರಿ ಭತ್ತಕ್ಕೆ ನೀರಿಲ್ಲ' ಎಂದು ಮೊದಲೇ ಹೇಳಿದರೆ ರೈತ ರಾಗಿಯೋ ಹುರುಳಿಯೋ ಹಾಕಿಕೊಳ್ಳುತ್ತಾನೆ. ನಾಟಿ ಮಾಡಿದ ಮೇಲೆ ನೀರಿಲ್ಲ ಎನ್ನುವುದೇ ಜನರನ್ನು ರಸ್ತೆಗೆ ತರುತ್ತದೆ. ನಾಗಮಂಗಲದಲ್ಲಿ ನಾಲೆಯ ನೀರು ತಲುಪದ ಒಣಹೊಲದವರ ಗೋಳು ಬೇರೆಯೇ, ಅದಕ್ಕೆ ಇನ್ನೊಂದು ಪತ್ರ ಬೇಕು.

ಇನ್ನೊಂದು, ಇದಕ್ಕೆ ಹಣವೇ ಬೇಕಾಗಿಲ್ಲ. ಬಜೆಟ್ ಜೊತೆ ಬರುವ ಆರ್ಥಿಕ ಸಮೀಕ್ಷೆಯಲ್ಲಿ ರಾಜ್ಯದ ಬೆಳವಣಿಗೆ ದರವನ್ನು ಮೊದಲ ಪುಟದಲ್ಲೇ ಹಾಕುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಆ ವರ್ಷ ಕೆಳಗಿನ ಅರ್ಧ ಕುಟುಂಬಗಳ ಆದಾಯ ಎಷ್ಟು ಏರಿತು, ಎಷ್ಟು ತಿಂಗಳು ಅವರ ಕೈ ಬರಿದಾಗಿತ್ತು. ಲೆಕ್ಕ ಸಿಗದಿದ್ದರೆ ಲೆಕ್ಕ ತೆಗೆಸಿ. ನಮ್ಮಂಥ ಕಾಲೇಜುಗಳ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಊರೂರು ತಿರುಗಿ ಮಾಹಿತಿ ತರಲು ಸಿದ್ಧರಿದ್ದಾರೆ, ಅವರನ್ನು ಕರೆತರುವ ಹೊಣೆ ನನ್ನದು.

ತಮ್ಮನ ಕೂಳೆ ಕಬ್ಬು ಈಗ ಆಳೆತ್ತರ ದಾಟಿ ನಿಂತಿದೆ. ಮುಂದಿನ ವಾರ ಕಟಾವಿಗೆ ಅನುಮತಿ ಸಿಗಬಹುದು ಎಂದು ಫೋನಿನಲ್ಲಿ ಹೇಳಿದ. ಬಳ್ಳಾರಿ ಕಡೆಯಿಂದ ಬಂದ ಕಟಾವಿನವರು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದಾರೆ. ಅವನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸುತ್ತಾಳೆ, ಮೈಸೂರಿನಲ್ಲಿ ಓದಬೇಕೆಂಬ ಆಸೆ ಅವಳದು. ಲಾರಿ ಹೋದ ದಿನ ತೂಕದ ಚೀಟಿಯ ಫೋಟೊ ತೆಗೆದು ನನಗೆ ಕಳುಹಿಸಲು ಅವಳಿಗೆ ಹೇಳಿದ್ದೇನೆ. ಅದರ ಮೇಲಿನ ತಾರೀಖಿನಿಂದ ನಾವಿಬ್ಬರೂ ಹದಿನಾಲ್ಕು ದಿನ ಎಣಿಸುತ್ತೇವೆ. ಹದಿನೈದನೆಯ ದಿನ ಏನಾಯಿತು ಎಂದು ತಮಗೆ ಮತ್ತೆ ಬರೆಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ಉಪನ್ಯಾಸಕಿ, ಮಂಡ್ಯ